1,300 ಅಡಿ ಆಳದ ಪುಡಿ

ರಿಗ್ ಲಾರಿ ನಮ್ಮ ಹೊಲಕ್ಕೆ ಬಂದಾಗ ರಾತ್ರಿ ಹನ್ನೊಂದೂವರೆ. ನಮ್ಮ ಕಡೆ ಬೋರು ಕೊರೆಸೋದು ಹೆಚ್ಚಾಗಿ ರಾತ್ರಿಯೇ. ಅನುಮತಿ ತಗೋಬೇಕು ಅಂತ 2011ರ ಅಂತರ್ಜಲ ಕಾಯಿದೆ ಹೇಳುತ್ತೆ. ಕಾಲೇಜಿನಲ್ಲಿದ್ದಾಗ ಅದರ ಬಗ್ಗೆ ಎರಡು ಪುಟ ಬರೆದು ಒಳ್ಳೆ ಅಂಕ ತಗೊಂಡವಳು ನಾನು. ಅವತ್ತು ರಾತ್ರಿ ಟಾರ್ಚ್ ಹಿಡಿದುಕೊಂಡು ಲಾರಿಗೆ ದಾರಿ ತೋರಿಸಿದವಳೂ ನಾನೇ.

ಅದು ನಮ್ಮ ನಾಲ್ಕನೇ ಬೋರು. ಮೊದಲನೇದು ನಾನು ಹುಟ್ಟೋದಕ್ಕೆ ಮುಂಚೆ ಕೊರೆಸಿದ್ದು, 240 ಅಡಿ. ಅದರ ನೀರು ಕಾಲುವೆಯಲ್ಲಿ ಹರಿಯುವಾಗ ಅಪ್ಪ ಅದರಲ್ಲೇ ಮುಖ ತೊಳೆದು ಪೂಜೆ ಮಾಡಿದ್ದರಂತೆ. ಎರಡನೇದು 650 ಅಡಿ, ಮೂರನೇದು 980. ಮೂರನೇದು ಎರಡು ಬೇಸಿಗೆ ನೀರು ಕೊಟ್ಟು ನಿಂತುಹೋಯಿತು. ಮುಕ್ಕಾಲು ಎಕರೆ ಹಿಪ್ಪುನೇರಳೆ ಒಣಗುತ್ತಾ ಬಂತು. ಹುಳುವಿನ ಮನೆಯಲ್ಲಿ ಚಂದ್ರಿಕೆಗಳು ಖಾಲಿ ನಿಂತವು. ಅಪ್ಪ ಒಂದು ದಿನ ಊಟಕ್ಕೆ ಕೂತಾಗ, "ಇನ್ನೊಂದು ಸಲ ನೋಡೋಣ" ಅಂದರು. ಅಮ್ಮ ಏನೂ ಹೇಳಲಿಲ್ಲ, ಎದ್ದು ಹೋಗಿ ಸರ ಮತ್ತು ಓಲೆ ತಂದು ತಟ್ಟೆಯ ಪಕ್ಕ ಇಟ್ಟರು. ಒಟ್ಟು 24 ಗ್ರಾಂ.

ಬೇಡ ಅಂತ ಹೇಳಬಹುದಿತ್ತು. ಊರಿನ ಬೇರೆಯವರಿಗೆ ಹೇಳಿದ್ದೆ ಕೂಡ. ನಮ್ಮ ಮನೆಯಲ್ಲಿ ಆ ಮಾತು ಬಾಯಿಗೆ ಬರಲಿಲ್ಲ.

ಪಾಯಿಂಟು ತೋರಿಸಲು ಬಂದವರ ಕೈಯಲ್ಲಿ ತೆಂಗಿನಕಾಯಿ ಇತ್ತು. ಅಂಗೈ ಮೇಲೆ ಮಲಗಿಸಿಕೊಂಡು ಹೊಲದಲ್ಲಿ ಅಡ್ಡಾಡಿದರು. ಕರಿಗುಂಡುಗಳ ಸಾಲಿನ ಹತ್ತಿರ ಕಾಯಿ ನೆಟ್ಟಗೆ ನಿಂತಿತು. ಆ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. ನಮ್ಮ ಹೊಲದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ, ಯಾರೋ ಜೋಡಿಸಿಟ್ಟ ಹಾಗೆ ದುಂಡನೆಯ ಕಪ್ಪು ಕಲ್ಲುಗಳ ಒಂದು ಸಾಲಿದೆ. ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಹುಣಸೆಕಾಯಿ ತಿನ್ನುತ್ತಿದ್ದೆ.

ಬೋರು ಕೊರೆಸಿದವರಿಗೆ ಆ ರಾತ್ರಿ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಕಂಪ್ರೆಸರ್ ಸದ್ದಿಗೆ ಎದೆಯೇ ನಡುಗುತ್ತೆ. ರಿಗ್ಗು ತಮಿಳುನಾಡಿನ ತಿರುಚೆಂಗೋಡಿನದು, ಕೆಲಸದ ಹುಡುಗರು ಉತ್ತರದ ಕಡೆಯವರು. ಮೈತುಂಬ ಬಿಳಿ ಧೂಳು, ಕಣ್ಣು ಮಾತ್ರ ಕಾಣುತ್ತವೆ. ಒಂದೊಂದು ರಾಡು ಇಳಿದಾಗಲೂ ಅಪ್ಪ ಬೆರಳು ಮಡಿಸುತ್ತಿದ್ದರು. ನಾನು ಬೇರೆ ಒಂದು ಕೆಲಸ ಹಚ್ಚಿಕೊಂಡೆ. ಪುಡಿಯ ಬಣ್ಣ ಬದಲಾದಾಗಲೆಲ್ಲ ಒಂದು ಹಿಡಿ ತೆಗೆದು ಪ್ಲಾಸ್ಟಿಕ್ ಕವರಿಗೆ ತುಂಬಿ, ಚೀಟಿಯಲ್ಲಿ ಅಡಿ ಬರೆದು ಹಾಕಿದೆ. ಯಾಕೆ ಅಂದರೆ ಉತ್ತರವಿಲ್ಲ. ಸುಮ್ಮನೆ ನಿಂತಿರಲು ಆಗುತ್ತಿರಲಿಲ್ಲ, ಅಷ್ಟೇ.

ಮೊದಲು ಕೆಂಪು ಮಣ್ಣು, ಎಂಟು ಹತ್ತು ಅಡಿ. ಆಮೇಲೆ ಹಳದಿ ಮೊರಂ, ಅಂದರೆ ಕೊಳೆತ ಕಲ್ಲು. ಬಂಡೆಯೇ ಮಳೆ ಬಿಸಿಲಿಗೆ ಸಾವಿರಾರು ವರ್ಷ ಕರಗಿ ಮೊರಂ ಆಗುತ್ತೆ, ಮೊರಂ ಮುಂದೆ ಮಣ್ಣಾಗುತ್ತೆ. ಹಿಂದಿನವರ ಸೇದುವ ಬಾವಿಗಳು ಈ ಮೊರಂನಲ್ಲೇ ಮುಗಿಯುತ್ತಿದ್ದವು, 30 ಅಡಿ, 40 ಅಡಿ. ನಮ್ಮದರಲ್ಲಿ ಕೇಸಿಂಗ್ ಪೈಪು 60 ಅಡಿಗೆ ನಿಂತಿತು. ಅಲ್ಲಿಂದ ಕೆಳಗೆ ಬೂದುಬಣ್ಣದ ಗಟ್ಟಿ ಕಲ್ಲು, ಗೋಧಿ ಹಿಟ್ಟಿನ ಹಾಗೆ ಪುಡಿ. ನಡುನಡುವೆ ಅಕ್ಕಿ ನುಚ್ಚಿನಂಥ ಬೆಣಚುಕಲ್ಲು. ಒಮ್ಮೊಮ್ಮೆ ತೆಳು ಗುಲಾಬಿ.

ಈ ಬೂದು ಕಲ್ಲನ್ನು ನೋಡಬೇಕಾದರೆ ಕೊರೆಯಬೇಕಾಗಿಲ್ಲ, ಲಾಲ್‌ಬಾಗಿಗೆ ಹೋದರೆ ಸಾಕು. ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೇ ಜಾತಿಯದು, ನೈಸ್ ಅಂತಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ಭಾನುವಾರ ಅದರ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂರುವ ಜನಕ್ಕೆ ತಾವು ಕೂತಿರೋದು ಜಗತ್ತಿನ ಬಹಳ ಹಳೆಯ ಕಲ್ಲುಗಳಲ್ಲಿ ಒಂದರ ಮೇಲೆ ಅಂತ ಗೊತ್ತಿರುವುದಿಲ್ಲ.

300 ಅಡಿಗೆ ಸ್ವಲ್ಪ ತೇವ ಬಂತು. ಪುಡಿ ಉಂಡೆ ಕಟ್ಟಿತು. ಅಪ್ಪ ಮುಂದೆ ಬಾಗಿದರು. ಮತ್ತೆ ಒಣ ಧೂಳು.

610 ಅಡಿಗೆ ಪುಡಿ ಕಪ್ಪಾಯಿತು. ಇದ್ದಲು ಪುಡಿಯ ಹಾಗೆ. ಏಜೆಂಟ್ ಮುಖ ನೋಡಿದೆ, ಅವನು ಬೇರೆ ಕಡೆ ನೋಡಿದ. ಆಮೇಲೆ ಹತ್ತಿರ ಬಂದು ಅಪ್ಪನಿಗೆ ಫೋನಿನಲ್ಲಿ ಏನೋ ತೋರಿಸಿದ. ವಾಟ್ಸಾಪಿನಲ್ಲಿ ಬಂದ ಒಂದು ವಿಡಿಯೋ. ಭೂಮಿಯನ್ನು ಹಣ್ಣಿನ ಹಾಗೆ ಕತ್ತರಿಸಿದ ಚಿತ್ರ, ಒಳಗೆ ನೀಲಿ ಬಣ್ಣದ ಸಮುದ್ರ. "ಭೂಮಿಯೊಳಗೆ ಮೇಲಿನ ಸಮುದ್ರಕ್ಕಿಂತ ಹೆಚ್ಚು ನೀರಿದೆ, ವಿಜ್ಞಾನಿಗಳೇ ಹೇಳಿದ್ದಾರೆ" ಅಂತ ಗಂಡು ದನಿ. "ನೋಡಿ ಸ್ವಾಮಿ, ಇನ್ನೂ ಇಳಿದರೆ ಸಿಗುತ್ತೆ" ಅಂದ ಏಜೆಂಟ್. ಅಡಿಗಿಷ್ಟು ಅಂತ ದುಡ್ಡು ತಗೊಳ್ಳೋನು ಇನ್ನೇನು ಹೇಳ್ತಾನೆ? ಆಳಕ್ಕೆ ಹೋದಷ್ಟೂ ಅಡಿಯ ರೇಟೂ ಏರುತ್ತೆ.

ಅಪ್ಪ ನನ್ನ ಕಡೆ ತಿರುಗಿದರು. "ನಿಜವೇನಮ್ಮಾ?"

ನನಗೆ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಅಂತ ಬಾಯಿಪಾಠ ಮಾಡಿದ್ದೆ. ಈರುಳ್ಳಿಯ ಹಾಗೆ ಪದರ ಬರೆದು, ಕೆಂಪು, ಕಿತ್ತಳೆ, ಹಳದಿ ಬಣ್ಣ ತುಂಬಿ ಮೇಷ್ಟ್ರ ಹತ್ತಿರ ಸಹಿ ಹಾಕಿಸಿಕೊಂಡಿದ್ದೆ. ಆ ಚಿತ್ರಕ್ಕೂ ನಮ್ಮ ಹೊಲಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ. "ಇರಬಹುದೇನೋ" ಅಂದೆ. ನನ್ನ ಆ ಒಂದು ಮಾತಿಗೆ ಇನ್ನೂ 690 ಅಡಿ ಕೊರೆದರು.

940ಕ್ಕೆ ಕಪ್ಪು ಮುಗಿದು ಮತ್ತೆ ಬೂದು. ಬೆಳಗಿನ ಜಾವ ನಾಲ್ಕೂವರೆಗೆ 1,300 ಅಡಿ. ಆಮೇಲೆ ಎಂಜಿನ್ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಮೊದಲು ಕೇಳಿಸಿದ್ದು ಪಕ್ಕದ ಹೊಲದ ನಾಯಿ ಕೆಮ್ಮಿದ್ದು. ಮರಗಳ ಮೇಲೆಲ್ಲ ಬಿಳಿ ಧೂಳು. ಅಪ್ಪ ಕೇಸಿಂಗ್ ಪೈಪಿನೊಳಗೆ ಒಂದು ಕಲ್ಲು ಹಾಕಿ ಕಿವಿಗೊಟ್ಟರು. ನೀರಿನ ಸದ್ದು ಬರಲಿಲ್ಲ. ಬಿಲ್ಲು ಎರಡು ಲಕ್ಷ ದಾಟಿತು.

ಉತ್ತರ ಗೊತ್ತಿಲ್ಲದೆ "ಇರಬಹುದೇನೋ" ಅಂದವಳಿಗೆ ಮಾಡಲು ಉಳಿದ ಕೆಲಸ ಉತ್ತರ ಹುಡುಕೋದೊಂದೇ. ಮೂರು ನಾಲ್ಕು ತಿಂಗಳು ಓದಿದೆ, ತಿಳಿದವರಿಗೆ ಫೋನ್ ಮಾಡಿ ಕೇಳಿದೆ. ಕೆಳಗೆ ಬರೆದಿರೋದು ಅದೇ.

ಮೊದಲು ಆ ಸಮುದ್ರದ ಕಥೆ. ಅದು ಪೂರಾ ಸುಳ್ಳಲ್ಲ, ಅದೇ ತೊಂದರೆ. ಬ್ರೆಜಿಲ್ ದೇಶದಲ್ಲಿ ಸಿಕ್ಕ ಒಂದು ಸಣ್ಣ ವಜ್ರದೊಳಗೆ ರಿಂಗ್‌ವುಡೈಟ್ ಅನ್ನುವ ಖನಿಜದ ಕಣ ಇತ್ತು. 2014ರಲ್ಲಿ ಕೆನಡಾದ ಗ್ರಹಾಂ ಪಿಯರ್ಸನ್ ಮತ್ತು ಜೊತೆಗಾರರು ಅದರ ಬಗ್ಗೆ ಬರೆದರು. ಆ ಕಣದ ತೂಕದಲ್ಲಿ ಸುಮಾರು ನೂರಕ್ಕೆ ಒಂದೂವರೆ ಪಾಲು ನೀರು. ಆ ಖನಿಜ ಹುಟ್ಟೋದು 410ರಿಂದ 660 ಕಿಲೋಮೀಟರ್ ಆಳದ ನಡುವಿನ ಪದರದಲ್ಲಿ. ಅಲ್ಲೆಲ್ಲ ಹೀಗೇ ಇದ್ದರೆ ಸಮುದ್ರಗಳಷ್ಟು ನೀರು ಆಗುತ್ತೆ ಅನ್ನೋದು ಲೆಕ್ಕ. ಆದರೆ ಅದು ಹರಿಯುವ ನೀರಲ್ಲ. ಕಲ್ಲಿನ ಕಣಕಣದೊಳಗೆ ಬೆಸೆದುಕೊಂಡಿರುವ ನೀರು. ಒಣಗಿದ ಸಿಮೆಂಟ್ ಗೋಡೆಯಲ್ಲಿ ನಾವು ಕಲಸಿದ ನೀರು ಇದ್ದೇ ಇರುತ್ತೆ, ಆದರೆ ಗೋಡೆಗೆ ಮೋಟಾರ್ ಇಟ್ಟು ನೀರೆತ್ತೋಕಾಗುತ್ತಾ? ಹಾಗೆ. ಮತ್ತೆ ಅದು ಇರೋದು 410 ಕಿಲೋಮೀಟರ್ ಕೆಳಗೆ. ನಾವು ಇಳಿದದ್ದು 396 ಮೀಟರ್.

ಈ ವ್ಯತ್ಯಾಸವನ್ನು ಅಪ್ಪನಿಗೆ ಹೇಗೆ ಹೇಳೋದು ಅಂತ ಬಹಳ ಯೋಚನೆ ಮಾಡಿದೆ. ಸೊನ್ನೆಗಳನ್ನು ಬರೆದು ತೋರಿಸಿದರೆ ಅಪ್ಪ ಹೂಂ ಅಂತಾರೆ, ಆದರೆ ಅದು ಒಳಗೆ ಇಳಿಯೋದಿಲ್ಲ. ಕೊನೆಗೆ ಬಸ್ಸಿನ ಲೆಕ್ಕ ಹೊಳೆಯಿತು.

ನೆಲದಿಂದ ಭೂಮಿಯ ನಡುಮಧ್ಯಕ್ಕೆ 6,371 ಕಿಲೋಮೀಟರ್. ನಮ್ಮೂರು ಗೌರಿಬಿದನೂರು ತಾಲೂಕು, ಮೆಜೆಸ್ಟಿಕ್‌ಗೆ ಹೆಚ್ಚು ಕಡಿಮೆ 80 ಕಿಲೋಮೀಟರ್. ನಮ್ಮ ಮನೆ ಬಾಗಿಲು ಭೂಮಿಯ ಮೇಲ್ಮೈ, ಮೆಜೆಸ್ಟಿಕ್ ಭೂಮಿಯ ನಡುಮಧ್ಯ ಅಂದುಕೊಳ್ಳಿ. ಆಗ ನಮ್ಮ 1,300 ಅಡಿ ಬೋರು ಎಲ್ಲಿಗೆ ಬರುತ್ತೆ? ಐದು ಮೀಟರ್. ಬಾಗಿಲಿಂದ ಹೊರಟು ಅಂಗಳ ದಾಟಿ ದನದ ಕೊಟ್ಟಿಗೆ ತನಕ.

ಅಪ್ಪ ಕೊಟ್ಟಿಗೆ ಕಡೆ ನೋಡಿದರು. "ಅಷ್ಟೇನಾ?"

ಕೆಜಿಎಫ್ ಗೊತ್ತಲ್ಲ? ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿರುತ್ತಿತ್ತು. ತಂಪು ಗಾಳಿ ಊದಿ ಊದಿ ಕೆಲಸ ಮಾಡಿಸುತ್ತಿದ್ದರು. ಮೇಲಿನ ಭಾರಕ್ಕೆ ಬಂಡೆ ಸಿಡಿದು ಎಷ್ಟೋ ಜನ ಸತ್ತರು. ನಮ್ಮ ಬಸ್ಸಿನ ಲೆಕ್ಕದಲ್ಲಿ ಆ ಗಣಿಯ ತಳ ಮನೆಯಿಂದ 40 ಮೀಟರ್, ಬೀದಿ ನಲ್ಲಿ ಹತ್ತಿರ. ಮನುಷ್ಯ ಕೊರೆದ ಅತಿ ಆಳದ ತೂತುಗಳಲ್ಲಿ ಹೆಸರಾದದ್ದು ರಷ್ಯಾದ ಕೋಲಾ ಬೋರು. 1970ರಲ್ಲಿ ಶುರು ಮಾಡಿದರು. ಹತ್ತೊಂಬತ್ತು ವರ್ಷ ಕೊರೆದು 1989ರಲ್ಲಿ 12,262 ಮೀಟರ್ ಮುಟ್ಟಿದರು. ಅಡಿಯ ಲೆಕ್ಕದಲ್ಲಿ 40 ಸಾವಿರದ ಮೇಲೆ. ತೂತಿನ ಅಗಲ ನಮ್ಮ ಬೋರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಲ್ಲಿ 100 ಡಿಗ್ರಿ ಬಿಸಿ ಇರಬಹುದು ಅಂದುಕೊಂಡಿದ್ದರು, 180 ಇತ್ತು. ಕಲ್ಲು ಮೆತ್ತಗಾಗಿ, ಬಿಟ್ ಎತ್ತಿದರೆ ತೂತು ಮತ್ತೆ ಮುಚ್ಚಿಕೊಳ್ಳುವಂತಾಯಿತು. ಬಿಟ್ಟುಬಿಟ್ಟರು. ಈಗ ಅದರ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟ್ ಬಿಗಿದಿದ್ದಾರೆ. ಬಸ್ಸಿನ ಲೆಕ್ಕದಲ್ಲಿ ಅದೂ ಕೂಡ ಮನೆಯಿಂದ 154 ಮೀಟರ್. ನಮ್ಮ ಬೀದಿಯ ಕೊನೆ.

ನಾವು ನಿಂತಿರುವ ಗಟ್ಟಿ ಸಿಪ್ಪೆ, ಅಂದರೆ ಭೂಕವಚ, ನಮ್ಮ ಕಡೆ ಸುಮಾರು 35 ಕಿಲೋಮೀಟರ್ ದಪ್ಪ. ಸಮುದ್ರದ ತಳದಲ್ಲಾದರೆ ಏಳೆಂಟು ಕಿಲೋಮೀಟರ್ ಅಷ್ಟೇ. ನಮ್ಮ ಲೆಕ್ಕದಲ್ಲಿ ಇದು 440 ಮೀಟರ್, ಊರ ಬಸ್‌ಸ್ಟಾಪಿಗೆ ಮುಗಿಯಿತು. ಬಸ್ಸು ಹತ್ತಿದ ಮೇಲೆ ಮ್ಯಾಂಟಲ್ ಶುರು. ಮಾಕಳಿದುರ್ಗದ ಬೆಟ್ಟ ಪಕ್ಕಕ್ಕೆ ಬಂದು ಹೋದರೂ ಮ್ಯಾಂಟಲ್ಲೇ. 2,890 ಕಿಲೋಮೀಟರ್ ಆಳದಲ್ಲಿ, ಅಂದರೆ 36 ಕಿಲೋಮೀಟರ್ ಬಸ್ಸಿನಲ್ಲಿ ಹೋದ ಮೇಲೆ, ದೊಡ್ಡಬಳ್ಳಾಪುರದ ಹತ್ತಿರ ಕಲ್ಲು ಮುಗಿದು ಕಬ್ಬಿಣ ಶುರುವಾಗುತ್ತೆ. ಕರಗಿದ ಕಬ್ಬಿಣ, ಜೊತೆಗೆ ಸ್ವಲ್ಪ ನಿಕ್ಕಲ್. ಆ ದ್ರವದ ಪದರ ಯಲಹಂಕದ ತನಕ. ಯಲಹಂಕದಿಂದ ಮೆಜೆಸ್ಟಿಕ್ ವರೆಗಿನ 15 ಕಿಲೋಮೀಟರ್ ಗಟ್ಟಿ ಕಬ್ಬಿಣದ ಉಂಡೆ. ಅಲ್ಲಿ ಬಿಸಿ 5,000 ಡಿಗ್ರಿಗೂ ಮೇಲೆ. ಅಷ್ಟು ಬಿಸಿಗೆ ಕಬ್ಬಿಣ ಕರಗಲೇಬೇಕು, ಆದರೆ ಮೇಲಿನ ಒತ್ತಡ ಕರಗಲು ಬಿಡೋದಿಲ್ಲ.

ಇಲ್ಲಿ ನಮ್ಮ ಶಾಲೆಯ ಚಿತ್ರದ ಒಂದು ತಪ್ಪು ಹೇಳಲೇಬೇಕು. ಮ್ಯಾಂಟಲ್‌ಗೆ ಕಿತ್ತಳೆ ಬಣ್ಣ ತುಂಬಿಸಿ ಅದು ಕುದಿಯುವ ಲಾವಾರಸ ಅನ್ನೋ ಹಾಗೆ ಮಾಡಿಬಿಟ್ಟಿದ್ದಾರೆ. ಮ್ಯಾಂಟಲ್ ಗಟ್ಟಿ ಕಲ್ಲು. ಬಿಸಿಯಾಗಿರೋದರಿಂದ ವರ್ಷಕ್ಕೆ ಕೆಲವು ಸೆಂಟಿಮೀಟರ್ ಲೆಕ್ಕದಲ್ಲಿ ಜರುಗುತ್ತೆ, ಉಗುರು ಬೆಳೆಯುವಷ್ಟು ನಿಧಾನಕ್ಕೆ. ಕೆಲವೇ ಕಡೆ ಸ್ವಲ್ಪ ಕರಗುತ್ತೆ. ಹಾಗೆ ಕರಗಿದ್ದು ಬಿರುಕು ಹಿಡಿದು ಮೇಲಕ್ಕೆ ಬರುತ್ತೆ.

ಅದೇ ನಮ್ಮ ಹೊಲದ ಕರಿಗುಂಡಿನ ಸಾಲು.

ನಿವೃತ್ತ ಭೂವಿಜ್ಞಾನಿಯೊಬ್ಬರಿಗೆ ನನ್ನ ಕವರುಗಳ ಫೋಟೋ ಕಳಿಸಿದ್ದೆ. 610 ಅಡಿಯ ಕಪ್ಪು ಪುಡಿ ನೋಡಿದ ಕೂಡಲೇ ಫೋನ್ ಮಾಡಿದರು. "ಹೊಲದಲ್ಲಿ ಕಪ್ಪು ಗುಂಡುಗಳ ಸಾಲು ಇದೆಯಾ?" ಅಂತ ಅವರೇ ಕೇಳಿದರು. ಅದಕ್ಕೆ ಡೈಕ್ ಅಂತಾರೆ. ಬಹಳ ಹಿಂದೆ ನೆಲ ಸೀಳಿ, ಮ್ಯಾಂಟಲ್ಲಿನಿಂದ ಬಂದ ಕರಗಿದ ಕಲ್ಲು ಆ ಸೀಳಿನಲ್ಲಿ ತುಂಬಿಕೊಂಡು ಆರಿ, ಗೋಡೆಯ ಹಾಗೆ ನಿಂತುಬಿಟ್ಟಿದೆ. ಬೆಂಗಳೂರಿನ ಸುತ್ತ ಪೂರ್ವ-ಪಶ್ಚಿಮವಾಗಿ ಹಬ್ಬಿರುವ ಇಂಥ ಗೋಡೆಗಳಿಗೆ ಸುಮಾರು 237 ಕೋಟಿ ವರ್ಷ. ಚಾಮರಾಜನಗರದಿಂದ ಹೊರದೇಶಕ್ಕೆ ಹೋಗುವ ಕರಿಕಲ್ಲು ಇಂಥ ಡೈಕುಗಳದೇ. ಹೆಸರಿಗೆ ಬ್ಲ್ಯಾಕ್ ಗ್ರಾನೈಟ್, ಜಾತಿ ಬೇರೆ.

ಅವರು ಮುಂದೆ ಹೇಳಿದ್ದು ಕೇಳಿ ಫೋನ್ ಕೆಳಗಿಡಬೇಕು ಅನಿಸಿತು. ಈ ಗೋಡೆ ಒಳಗೆ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ನೆಲದೊಳಗಿನ ನೀರಿಗೆ ಕಟ್ಟೆಯ ಹಾಗೆ ಅಡ್ಡ ನಿಲ್ಲುತ್ತೆ. ನೀರು ನಿಲ್ಲೋದು ಗೋಡೆಯ ಮೇಲ್ಗಡೆ ಪಕ್ಕದಲ್ಲಿ, ಗೋಡೆಯೊಳಗಲ್ಲ. ತೆಂಗಿನಕಾಯಿ ನೆಟ್ಟಗೆ ನಿಂತದ್ದು ಸ್ವಲ್ಪ ಓರೆಯಾಗಿ ಇಳಿದಿದ್ದ ಆ ಗೋಡೆಯ ಪಕ್ಕಕ್ಕೆ. 610ರಿಂದ 940 ಅಡಿ ತನಕ ನಾವು ಕೊರೆದದ್ದು ಗೋಡೆಯನ್ನೇ.

ಅಣ್ಣನ ಮಗ ಆರನೇ ಕ್ಲಾಸು. ಹಳೆ ಸ್ಪೀಕರ್ ಬಿಚ್ಚಿ ತೆಗೆದ ಅಯಸ್ಕಾಂತ ಅವನ ಹತ್ತಿರ ಇತ್ತು. ಕಪ್ಪು ಪುಡಿಯ ಕವರಿನೊಳಗೆ ಅದನ್ನು ಆಡಿಸಿದ. ಸಣ್ಣ ಮೀಸೆಯ ಹಾಗೆ ಪುಡಿ ಅಂಟಿಕೊಂಡು ಎದ್ದಿತು. ಡೈಕಿನ ಕಲ್ಲಿನಲ್ಲಿ ಕಬ್ಬಿಣದ ಅದಿರಿನ ಕಣಗಳಿರುತ್ತವೆ. ರಿಗ್ಗಿನ ಹ್ಯಾಮರ್ ಸವೆದ ಚೂರೂ ಸೇರಿರಬಹುದು, ಅದನ್ನೂ ಹೇಳಿದೆ. ಅವನಿಗೆ ಬೇಜಾರಾಯಿತು. ಮ್ಯಾಂಟಲ್ಲಿನ ಮೀಸೆ ಅಂತ ಕ್ಲಾಸಿಗೆ ತಗೊಂಡು ಹೋಗುವ ಪ್ಲಾನು ಹಾಕಿದ್ದ. ತಗೊಂಡು ಹೋಗು ಅಂದೆ.

ಹಾಗಾದರೆ ಯಾರೂ ಇಳಿಯದ ಜಾಗದಲ್ಲಿ ಕಬ್ಬಿಣ ಇದೆ, ದ್ರವ ಇದೆ ಅಂತ ಹೇಗೆ ಗೊತ್ತಾಯಿತು? ಇದು ಅಪ್ಪನ ಪ್ರಶ್ನೆ, ಒಳ್ಳೆ ಪ್ರಶ್ನೆ. ಸಂತೆಯಲ್ಲಿ ಅಮ್ಮ ಮಡಕೆ ಹೇಗೆ ಕೊಳ್ಳುತ್ತಾರೆ? ಬೆರಳು ಮಡಿಸಿ ಬಡಿದು ಸದ್ದು ಕೇಳುತ್ತಾರೆ. ಭೂಮಿಯನ್ನು ಬಡಿಯೋದು ಭೂಕಂಪ. 1897ರ ಜೂನ್ 12ರಂದು ಅಸ್ಸಾಂ ಕಡೆ ಭಾರಿ ಭೂಕಂಪ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್ಹ್ಯಾಮ್ ಅದನ್ನು ಕೂಲಂಕಷವಾಗಿ ನೋಡಿ, ಅಲೆಗಳು ಒಂದೇ ಥರ ಅಲ್ಲ, ಬೇರೆ ಬೇರೆ ವೇಗದಲ್ಲಿ ಬರುತ್ತವೆ ಅಂತ ಬಿಡಿಸಿ ತೋರಿಸಿದರು. ದೂರದ ಭೂಕಂಪಗಳ ಅಲೆ ಭೂಮಿಯ ನಡುವಿನಿಂದ ಹಾಯ್ದು ಬರುವಾಗ ತಡವಾಗುತ್ತೆ ಅನ್ನೋದರ ಮೇಲೆ 1906ರಲ್ಲಿ ಒಳಗೊಂದು ಕೇಂದ್ರಗೋಳ ಇದೆ ಅಂದರು. ಅಲೆಗಳಲ್ಲಿ ಒಂದು ಜಾತಿ ದ್ರವದೊಳಗೆ ಹೋಗೋದೇ ಇಲ್ಲ. ಅದು ಆ ಕಡೆ ಬರಲಿಲ್ಲ ಅಂದರೆ ನಡುವೆ ದ್ರವ ಇದೆ ಅಂತ ಅರ್ಥ.

ನನಗೆ ಎಲ್ಲರಿಗಿಂತ ಇಷ್ಟವಾದವರು ಡೆನ್ಮಾರ್ಕಿನ ಇಂಗೆ ಲೇಮನ್. ಓಟ್ಸ್ ಹಿಟ್ಟಿನ ಖಾಲಿ ರಟ್ಟಿನ ಡಬ್ಬಗಳಲ್ಲಿ ಭೂಕಂಪದ ಲೆಕ್ಕದ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡು, ತೋಟದಲ್ಲಿ ಮೇಜು ಹಾಕಿ ಕೂತು ಕೆಲಸ ಮಾಡುತ್ತಿದ್ದರಂತೆ. 1929ರ ನ್ಯೂಜಿಲೆಂಡ್ ಭೂಕಂಪದ ಅಲೆಗಳು ಬರಬಾರದ ಜಾಗಕ್ಕೆ ಬಂದಿದ್ದವು. ಕೇಂದ್ರಗೋಳದ ನಡುವೆ ಇನ್ನೊಂದು ಉಂಡೆ ಇದ್ದರೆ ಹೀಗಾಗಬಹುದು ಅಂತ 1936ರಲ್ಲಿ ಬರೆದರು. ಕಂಪ್ಯೂಟರ್ ಇಲ್ಲ, ರಿಗ್ ಇಲ್ಲ. ಕಾರ್ಡು, ಪೆನ್ಸಿಲ್. ನೂರಾ ನಾಲ್ಕು ವರ್ಷ ಬದುಕಿದರು. ಪ್ಲಾಸ್ಟಿಕ್ ಕವರಿನಲ್ಲಿ ಪುಡಿ ಕಟ್ಟಿಟ್ಟ ನನ್ನನ್ನು ನೋಡಿ ಊರಲ್ಲಿ ಕೆಲವರು ನಕ್ಕಿದ್ದರು. ಇದನ್ನು ಓದಿದ ಮೇಲೆ ಆ ನಗು ಮನಸ್ಸಿಗೆ ತಾಕೋದು ನಿಂತಿತು.

ಇದಕ್ಕೆಲ್ಲ ಹೊರದೇಶಕ್ಕೆ ಹೋಗಬೇಕಾಗಿಲ್ಲ, ನಮ್ಮ ತಾಲೂಕಿನಲ್ಲೇ ಇದೆ. ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರ ಇದೆ. ಹೊಲಗಳ ನಡುವೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಉಪಕರಣಗಳನ್ನು ಹೂತಿದ್ದಾರೆ. ಬೇರೆ ದೇಶದವರು ನೆಲದಡಿಯಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದರೆ ಇಲ್ಲಿ ಗೊತ್ತಾಗುತ್ತೆ. ಅದೇ ತಾಲೂಕಿನಲ್ಲಿ ಆಕಾಶದ ಸದ್ದು ಕೇಳುವ ರೇಡಿಯೋ ದೂರದರ್ಶಕವೂ ಇದೆ. ಒಂದು ಮೇಲೆ ಕಿವಿಗೊಟ್ಟಿದೆ, ಒಂದು ಕೆಳಗೆ. ಭೂಕಂಪದ ಉಪಕರಣಕ್ಕೆ ಬೇಕಾದದ್ದು ಹಳೆಯ, ಗಟ್ಟಿ, ಅಲುಗದ ಬಂಡೆ. ಸಾವಿರಾರು ಕಿಲೋಮೀಟರ್ ದೂರದ ಸದ್ದನ್ನು ಚೆನ್ನಾಗಿ ದಾಟಿಸುವ ಬಂಡೆ. ಅಂಥದ್ದು ನಮ್ಮದು. ನಮ್ಮ ತಾಲೂಕನ್ನು ಆ ಕೆಲಸಕ್ಕೆ ಒಳ್ಳೆಯದು ಮಾಡಿದ ಗುಣವೇ ನಮ್ಮ ಬೋರುಗಳನ್ನು ಒಣಗಿಸಿದೆ.

ಯಾಕೆಂದರೆ ಇಂಥ ಕಲ್ಲಿನೊಳಗೆ ನೀರಿಗೆ ಜಾಗ ಇಲ್ಲ. ನೀರು ಇರೋದು ಎರಡೇ ಕಡೆ. ಮೇಲಿನ ಮೊರಂನಲ್ಲಿ, ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಎರಡಕ್ಕೂ ನೀರು ಬರೋದು ಮಳೆಯಿಂದಲೇ. ಕೆಳಗೆ ಹೋದಂತೆ ಬಿರುಕುಗಳು ಕಡಿಮೆ, ಇದ್ದರೂ ಕಿರಿದು. ನಮ್ಮ ಬೋರಿನ ತಳದಲ್ಲಿ ಒಂದು ಚದರ ಸೆಂಟಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ, ಸುಮಾರು 100 ಕೆ.ಜಿ. ಕಲ್ಲಿನ ಭಾರ. ಅಷ್ಟು ಭಾರದಡಿ ಬಿರುಕು ಬಾಯಿ ತೆರೆದುಕೊಂಡಿರೋದು ಅಪರೂಪ. ಆಳದಲ್ಲಿ ಒಮ್ಮೊಮ್ಮೆ ನೀರು ಸಿಗೋದುಂಟು, ಸಿಕ್ಕವರು ಇದ್ದಾರೆ. ಅದು ಎಷ್ಟೋ ಕಾಲದಿಂದ ಅಲ್ಲಿ ಸಿಕ್ಕಿಹಾಕಿಕೊಂಡ ನೀರು. ಕಲ್ಲಿನ ಜೊತೆ ಅಷ್ಟು ದಿನ ಕೂತು ಕಲ್ಲಿನ ಫ್ಲೋರೈಡ್ ಹೀರಿಕೊಂಡಿರುತ್ತೆ. ನಮ್ಮ ಕಡೆ ಮಕ್ಕಳ ಹಲ್ಲಿನ ಕಂದು ಗೆರೆ, ಅಜ್ಜಿಯರ ಬಗ್ಗಿದ ಮೊಣಕಾಲು ಆ ನೀರಿನದೇ.

2017ರಲ್ಲಿ ಪಾತಾಳಗಂಗೆ ಅಂತ ಸರ್ಕಾರದ ಮಟ್ಟದಲ್ಲೇ ಮಾತು ಎದ್ದಿತ್ತು, ತುಂಬಾ ಆಳದಿಂದ ನೀರೆತ್ತುವ ಯೋಜನೆ. ನೀರಿನ ತಜ್ಞರು ಆಗಲೇ ಬೇಡ ಅಂದಿದ್ದರು. ಮಂತ್ರಿಗಳಿಗೇ ಆಸೆ ಹುಟ್ಟಿಸಿದ ಮಾತಿಗೆ ನಮ್ಮಪ್ಪ ಮರುಳಾದರೆ ಏನು ಹೇಳೋದು.

ಒಂದು ಸಂಜೆ ಸುಮ್ಮನೆ ಪುಡಿಯ ಲೆಕ್ಕ ಹಾಕಿದೆ. ಆರೂವರೆ ಇಂಚಿನ ತೂತು, 1,300 ಅಡಿ. ಹೊರಬಂದ ಕಲ್ಲು ಸುಮಾರು 23 ಟನ್. ಕಲ್ಲಿನ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಆಮ್ಲಜನಕ, ನಾಲ್ಕರಲ್ಲೊಂದು ಪಾಲು ಸಿಲಿಕಾನ್, ಉಳಿದದ್ದು ಅಲ್ಯುಮಿನಿಯಂ, ಕಬ್ಬಿಣ, ಇತ್ಯಾದಿ. ನಾವು ಉಸಿರಾಡುವ ಅದೇ ಆಮ್ಲಜನಕ ಬೇರೆ ವಸ್ತುಗಳ ಜೊತೆ ಬೆಸೆದುಕೊಂಡು ಕಲ್ಲಾಗಿ ಕೂತಿದೆ. ಸಿಲಿಕಾನ್ ಬೇರ್ಪಡಿಸಿ ಶುದ್ಧ ಮಾಡಿದರೆ ನಿಮ್ಮ ಕೈಯಲ್ಲಿರುವ ಫೋನಿನ ಚಿಪ್ಪು. ಫೋನಿನ ದಿಕ್ಸೂಚಿ ಉತ್ತರ ತೋರಿಸೋದು ದೊಡ್ಡಬಳ್ಳಾಪುರದಿಂದ ಯಲಹಂಕದ ತನಕ ಹರಿದಾಡುತ್ತಿರುವ ಆ ಕರಗಿದ ಕಬ್ಬಿಣದ ದೆಸೆಯಿಂದ. ಅದು ಹರಿದಾಡೋದರಿಂದಲೇ ಭೂಮಿ ಅಯಸ್ಕಾಂತವಾಗಿದೆ.

ಆಮೇಲೆ ಬಂಗಾರದ ಲೆಕ್ಕಕ್ಕೆ ಬಂದೆ. ಭೂಮಿ ಹುಟ್ಟಿ ಇನ್ನೂ ಕರಗಿದ್ದಾಗ ಭಾರದ ಕಬ್ಬಿಣ ಕೆಳಗಿಳಿಯಿತು. ಬಂಗಾರಕ್ಕೆ ಕಬ್ಬಿಣದ ಜೊತೆ ಬಲು ಸ್ನೇಹ, ಅದರ ಜೊತೆಗೇ ಹೋಯಿತು. ಹಾಗಾಗಿ ಭೂಮಿಯ ಬಂಗಾರದಲ್ಲಿ ಬಹುಪಾಲು ಕೇಂದ್ರಗೋಳದಲ್ಲಿದೆ, ಯಾರ ಕೈಗೂ ಸಿಗೋದಿಲ್ಲ. ಮೇಲೆ ಉಳಿದದ್ದರಲ್ಲಿ ಹೆಚ್ಚಿನದು ಆಮೇಲೆ ಬಿದ್ದ ಉಲ್ಕೆಗಳು ತಂದದ್ದು ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ. ಮಾಮೂಲಿ ಕಲ್ಲಿನಲ್ಲಿ ಟನ್ನಿಗೆ ಮೂರು ನಾಲ್ಕು ಮಿಲಿಗ್ರಾಂ. ಕೋಲಾರದಲ್ಲಿ ಬಿಸಿನೀರು ಬಿರುಕುಗಳಲ್ಲಿ ಹರಿದು, ಹರಡಿದ್ದ ಬಂಗಾರವನ್ನು ಬೆಣಚುಕಲ್ಲಿನ ಜೊತೆ ಒಂದು ಕಡೆ ತಂದು ಸೇರಿಸಿತ್ತು. ಅದಕ್ಕೇ ಅಲ್ಲಿ ಗಣಿ ಆಯಿತು. 120 ವರ್ಷದಲ್ಲಿ 800 ಟನ್ನಿನಷ್ಟು ತೆಗೆದು, 2001ರ ಫೆಬ್ರವರಿಯಲ್ಲಿ ಮುಚ್ಚಿದರು.

ನಮ್ಮ 23 ಟನ್ ಪುಡಿಯಲ್ಲಿ ಬಂಗಾರ ಎಷ್ಟಿರಬಹುದು? ಹೆಚ್ಚೆಂದರೆ ಒಂದು ಗ್ರಾಮಿನ ಹತ್ತರಲ್ಲೊಂದು ಪಾಲು. ಅಮ್ಮನ 24 ಗ್ರಾಂ ಅಡವಿಟ್ಟು ಅದನ್ನು ಮೇಲೆತ್ತಿ ಗಾಳಿಗೆ ತೂರಿದ್ದೆವು. ಇದನ್ನು ಅಮ್ಮನಿಗೆ ಹೇಳಬಾರದು ಅಂದುಕೊಂಡಿದ್ದೆ. ಅಪ್ಪನೇ ಹೇಳಿಬಿಟ್ಟರು. ಅಮ್ಮ ಸೊಪ್ಪು ಬಿಡಿಸುತ್ತಾ, "ಕಿವಿಗೆ ಬೇವಿನಕಡ್ಡಿ ಹಾಕ್ಕೊಂಡಿದ್ದೀನಿ, ಸಾಕು ಬಿಡು. ತೂತು ಮುಚ್ಚಿಸಿದಿರಾ ಇಲ್ವಾ?" ಅಂದರು. ಊರ ಮಕ್ಕಳು ಆ ಹೊಲದಲ್ಲೇ ಆಡೋದು. ಅವತ್ತೇ ಕಬ್ಬಿಣದ ಮುಚ್ಚಳ ಬೆಸೆಸಿ, ಸುತ್ತ ಸಿಮೆಂಟ್ ಹಾಕಿಸಿದೆವು. ನಿಮ್ಮ ಹೊಲದಲ್ಲೂ ಒಣಬೋರು ಬಾಯಿ ತೆರೆದಿದ್ದರೆ ದಯವಿಟ್ಟು ಇವತ್ತೇ ಮುಚ್ಚಿ. ಈ ಬರಹದ ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ.

ಹಿಪ್ಪುನೇರಳೆ ಕಿತ್ತಾಯಿತು. ಮುಂಗಾರಿಗೆ ರಾಗಿ, ಸಾಲಿಗೆ ತೊಗರಿ. ಕರಿಗುಂಡಿನ ಸಾಲಿನ ಮೇಲ್ಗಡೆ, ಹೊಲ ಸ್ವಲ್ಪ ಎತ್ತರವಿರುವ ಕಡೆ, ಅಜ್ಜನ ಕಾಲದ ಹೂಳು ತುಂಬಿದ ಬಾವಿ ಇದೆ. ಅಪ್ಪ ಈಗ ಅದರ ಹತ್ತಿರ ಹೋಗಿ ನಿಲ್ಲುತ್ತಾರೆ. ಅಜ್ಜ ಗೋಡೆಯ ಸರಿಯಾದ ಪಕ್ಕದಲ್ಲೇ ತೋಡಿದ್ದರು. ಅವರಿಗೆ ಹೇಗೆ ಗೊತ್ತಿತ್ತೋ. ಬಹುಶಃ ಗೊತ್ತಿರಲಿಲ್ಲ, ಮರ ಹಸಿರಾಗಿದ್ದ ಜಾಗ ನೋಡಿ ತೋಡಿರಬೇಕು. ಹೂಳು ತೆಗೆಸಬೇಕು ಅಂತ ಅಪ್ಪ ಅಂತಾರೆ. ಮೊದಲು ಸಾಲ ತೀರಬೇಕು.

ಹೋದ ವಾರ ಅಪ್ಪನ ಜೊತೆ ಬೆಂಗಳೂರಿಗೆ ಹೊರಟೆ. ಪರಿಚಯದವರೊಬ್ಬರು ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲಿನ ಕೆಲಸ ಇದೆ ಅಂದಿದ್ದರು. ರಾತ್ರಿ ಪಾಳಿ, ತಿಂಗಳ ಸಂಬಳ. ಅಪ್ಪನಿಗೆ 58 ವರ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಬಸ್‌ಸ್ಟಾಪಿನಲ್ಲಿ ಬಸ್ಸು ಹತ್ತುವಾಗ, "ಸಿಪ್ಪೆ ಮುಗೀತು" ಅಂದರು. ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ದೊಡ್ಡಬಳ್ಳಾಪುರದಲ್ಲಿ ಕಂಡಕ್ಟರ್ ಕೂಗಿದ್ದಕ್ಕೆ ಎಚ್ಚರವಾಗಿ, "ಕಬ್ಬಿಣ ಶುರುವಾ?" ಅಂತ ಕೇಳಿದರು. ಹೂಂ ಅಂದೆ. ಯಲಹಂಕದ ಹತ್ತಿರ ಮುಂದೆ ಹಿಂದೆ ವಾಹನಗಳು ಸಿಕ್ಕಿಕೊಂಡು ಬಸ್ಸು ನಿಂತೇಬಿಟ್ಟಿತು. ಹತ್ತು ನಿಮಿಷ, ಹದಿನೈದು ನಿಮಿಷ.

ಅಪ್ಪ ಕಿಟಕಿಯಿಂದ ಬಗ್ಗಿ ನೋಡಿದರು. "ಗಟ್ಟಿ ಕಬ್ಬಿಣ ಬಂತು ಅಂತ ಕಾಣುತ್ತೆ," ಅಂದರು. "ಮುಂದಕ್ಕೇ ಇಳೀತಾ ಇಲ್ಲ."